ಮೇಲ್ವಿಚಾರಕ ಒತ್ತಿದ ನಗು

ಕನ್ನಡಕದಂಗಡಿಯವನು ಗಿರಾಕಿಯ ಮೂಗಿನ ಮೇಲೆ ಫ್ರೇಮು ಕೂರಿಸುತ್ತಲೇ ಇನ್ನೊಂದು ಕೈಯಲ್ಲಿ ಫೋನು ನೋಡುತ್ತಿದ್ದ. ಊರಿನ ಆನ್‌ಲೈನ್ ಚರ್ಚಾವೇದಿಕೆಗೆ ಅವನೇ ಮೇಲ್ವಿಚಾರಕ. ಎದುರು ಸಾಲಿನಲ್ಲಿ ಮೋಟಾರು, ಫ್ಯಾನು ರಿಪೇರಿ ಮಾಡುವ ಗೆಳೆಯನೂ ಅವನೂ ಕೂಡಿಯೇ ಅದನ್ನು ಕಟ್ಟಿದ್ದರು. ಇಬ್ಬರದೂ ಬೇರೆ ಬೇರೆ ಪಕ್ಷ. ಚಹಾ ಮಾತ್ರ ಒಂದೇ ಬೆಂಚಿನಲ್ಲಿ. ರಿಪೇರಿಯವನಂತೂ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಆಸಾಮಿ. ಜಗಳಾಡಿಯೂ ಸ್ನೇಹ ಉಳಿಸಿಕೊಳ್ಳಬಹುದೆಂದು ಊರಿಗೆ ತೋರಿಸುವ ಆಸೆಯಿಂದ ಇಬ್ಬರೂ ಕೂತು ನಿಯಮ ಬರೆದಿದ್ದರು. ವಿಷಯವನ್ನು ಬೈಯಿರಿ, ಮನುಷ್ಯನನ್ನು ಬೈಯಬೇಡಿ. ಯಾರ ಮನೆಯವರನ್ನೂ ಜಗಳಕ್ಕೆ ಎಳೆಯಬೇಡಿ. ಎಳೆದವರು ಒಂದು ತಿಂಗಳು ಹೊರಗೆ.

ಚುನಾವಣೆ ಹತ್ತಿರ ಬಂದಂತೆ ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣವಾಯಿತು. ಎದುರು ಪಕ್ಷದವರು ದನಿ ಏರಿಸಿದರೆ ಕನ್ನಡಕದವನು ತಕ್ಷಣ ಅಳಿಸುತ್ತಿದ್ದ. ತನ್ನವರು ಬೈದರೆ, ಬಿಸಿರಕ್ತ, ಆರುತ್ತದೆ ಬಿಡಿ ಎನ್ನುತ್ತಿದ್ದ. ಊರವರ ಕಣ್ಣು ಪರೀಕ್ಷಿಸುವವನ ಪಾಡು ಇದು.

ಆ ದಿನ, ಮಾರುಕಟ್ಟೆ ಒಡೆದು ರಸ್ತೆ ಅಗಲ ಮಾಡುವುದು ಬೇಡ ಎಂದು ರಿಪೇರಿಯವನು ಬರೆದಿದ್ದ. ಕನ್ನಡಕದವನ ಪಕ್ಷದವನೊಬ್ಬ ಉತ್ತರ ಕೊಟ್ಟ: "ಮಗಳ ಸಂಸಾರ ರಿಪೇರಿ ಮಾಡೋಕಾಗದೋನು ಊರು ರಿಪೇರಿಗೆ ಹೊರಟಿದ್ದಾನೆ." ರಿಪೇರಿಯವನ ಮಗಳು ಗಂಡನ ಏಟು ತಾಳಲಾರದೆ ತವರಿಗೆ ಬಂದಿದ್ದಳು. ಕನ್ನಡಕದವನಿಗೆ ಅದು ಗೊತ್ತಿತ್ತು. ಆದರೂ ಮಾತಿನ ಚುರುಕಿಗೆ ಮನಸೋತು ಕೆಳಗೊಂದು ನಗುವ ಮುಖ ಒತ್ತಿಬಿಟ್ಟ. ಮೇಲ್ವಿಚಾರಕನೇ ನಕ್ಕ ಮೇಲೆ ಕೇಳಬೇಕೆ, ಸಂಜೆಯೊಳಗೆ ಊರೆಲ್ಲ ನಕ್ಕಿತು.

ಮರುದಿನ ರಿಪೇರಿಯವನು ಚಹಾಕ್ಕೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ಕೊನೆಗೆ ಕನ್ನಡಕದವನೇ ರಸ್ತೆ ದಾಟಿ ಹೋದ. ಗೆಳೆಯ ತಲೆ ಬಗ್ಗಿಸಿ ಮೋಟಾರಿಗೆ ತಾಮ್ರದ ತಂತಿ ಸುತ್ತುತ್ತಿದ್ದ. ಮಗಳು ಗಲ್ಲಾದಲ್ಲಿ ಕೂತಿದ್ದಳು.

"ಬನ್ನಿ ಮಾವ," ಎಂದಳು. "ಒಂದು ಮಾತು ಕೇಳ್ಲಾ? ನಕ್ಕಿದ್ದು ಯಾಕೆ?"

"ತಪ್ಪಾಯ್ತು ಕಣಮ್ಮ. ಮಾತು ಚೆನ್ನಾಗಿತ್ತು ಅಂತ... ಹಿಂದೆಮುಂದೆ ನೋಡ್ಲಿಲ್ಲ."

"ಚೆನ್ನಾಗೇ ಇದೆ. ನನ್ನ ಗಂಡನಿಗೂ ಇಷ್ಟ ಆಯ್ತು. ನಿಮ್ಮಪ್ಪನ ಗೆಳೆಯರೇ ನಗ್ತಿದ್ದಾರೆ ನೋಡ್ಕೋ ಅಂತ ನನಗೇ ಕಳಿಸಿದಾನೆ."

ಭೂಮಿ ಬಾಯ್ಬಿಟ್ಟು ನುಂಗಬಾರದೇ ಎನಿಸಿತು ಕನ್ನಡಕದವನಿಗೆ. ಅಲ್ಲೇ ನಿಂತು ಆ ಮಾತನ್ನು ಅಳಿಸಿದ. ಬರೆದವನನ್ನು ಒಂದು ತಿಂಗಳು ಹೊರಹಾಕಿದ. "ಇದಕ್ಕೆ ನಕ್ಕ ನಾನೂ ಹೊರಗೆ. ಮೇಲ್ವಿಚಾರಣೆ ಬೇರೆಯವರು ನೋಡಿಕೊಳ್ಳಲಿ" ಎಂದು ಬರೆದು ಗೆಳೆಯನ ಮುಂದೆ ಫೋನು ಹಿಡಿದ. ಅಷ್ಟರಲ್ಲೇ ಅವನ ಪಕ್ಷದವರು ಕೆಳಗೆ, ತನ್ನನ್ನೇ ಮಾರಿಕೊಂಡವನು ಎಂದು ಅವನನ್ನು ಜರೆಯತೊಡಗಿದ್ದರು.

ರಿಪೇರಿಯವನು ಓದಿದ. "ಸರಿ," ಎಂದು ಮತ್ತೆ ತಂತಿಗೆ ಕೈ ಹಾಕಿದ.

ಅಷ್ಟಕ್ಕೇ ಬಿಟ್ಟು ಹೋಗಲು ಕನ್ನಡಕದವನಿಗೆ ಮನಸ್ಸಾಗಲಿಲ್ಲ. ಕೆಣಕಿಯಾದರೂ ಗೆಳೆಯನ ಬಾಯಿ ಬಿಡಿಸಬೇಕೆಂದುಕೊಂಡ.

"ಏನೇ ಹೇಳು, ರಸ್ತೆ ಅಗಲ ಆಗ್ಲೇಬೇಕು ಕಣೋ. ನಿಮ್ಮ ಪಕ್ಷದೋರಿಗೆ ತಲೇಲಿ ಏನೂ ಇಲ್ಲ," ಎಂದ. ಎಂದಿನ ಬೈಗುಳಕ್ಕಾಗಿ ಕಾದು ನಿಂತ.

"ಇರಬಹುದು," ಎಂದ ರಿಪೇರಿಯವನು, ತಲೆ ಎತ್ತದೆ.