ರಟ್ಟಿನ ಪೆಟ್ಟಿಗೆಗಳ ರಾಶಿ

ಹಾಂಗ್‌ಕಾಂಗ್‌ನ ಹೊಡೆದಾಟದ ಸಿನಿಮಾಗಳಲ್ಲಿ ಮೋಕ್ ಸೆಂಗ್ ಸತ್ತಷ್ಟು ಸಲ ಬೇರೆ ಯಾರೂ ಸತ್ತಿರಲಾರರು. ನಾಯಕನ ಒದೆ ತಿಂದು ಹಾರಿ ಬೀಳುವುದು, ಕಿಟಕಿಯ ಗಾಜು ಒಡೆದುಕೊಂಡು ಹೊರಗೆ ಚಿಮ್ಮುವುದು, ಮೆಟ್ಟಿಲ ಮೇಲಿಂದ ಉರುಳುವುದು ಅವನ ಕಸುಬು. ಎಂಟನೇ ವಯಸ್ಸಿಗೇ ಅಪ್ಪ ನಾಟಕಶಾಲೆಗೆ ಒಪ್ಪಿಸಿದ್ದ. ಲಾಗ ಹಾಕುವುದನ್ನು ಬೆತ್ತದ ಏಟು ತಿನ್ನುತ್ತಲೇ ಕಲಿತಿದ್ದ. ಅದೇ ಶಾಲೆಯಲ್ಲಿ ಅವನಿಗಿಂತ ಕಿರಿಯನಾಗಿದ್ದ ಟಿಂಗ್‌ಫು ಈಗ ಸಾಹಸ ನಿರ್ದೇಶಕ. ನಲವತ್ತೊಂದರ ಸೆಂಗ್‌ಗೆ ಇನ್ನೂ ಕೆಲಸ ಸಿಗುತ್ತಿದ್ದುದು ಅವನ ದೆಸೆಯಿಂದಲೇ.

ಆವತ್ತು ಕೌಲೂನಿನ ಒಂದು ಗಲ್ಲಿಯಲ್ಲಿ ಚಿತ್ರೀಕರಣ. ನಾಯಕನ ವಿಗ್ಗು, ಅಂಗಿ ತೊಟ್ಟ ಸೆಂಗ್ ಮೂರನೇ ಮಹಡಿಯ ಬಾಲ್ಕನಿಯಿಂದ ಹಾರಬೇಕಿತ್ತು. ಕೆಳಗೆ ಖಾಲಿ ರಟ್ಟಿನ ಪೆಟ್ಟಿಗೆಗಳ ರಾಶಿ, ಅದರ ಮೇಲೊಂದು ಹಾಸು. ಕ್ಯಾಮೆರಾ ಎರಡು ಸಲ ಓಡಿತು. ಎರಡು ಸಲವೂ ಅವನು ಕಂಬಿ ಹಿಡಿದುಕೊಂಡೇ ನಿಂತ.

ಟಿಂಗ್‌ಫು ಮೇಲೆ ಹತ್ತಿ ಬಂದ. "ಏನಣ್ಣ, ಮೇಲೆ ಗಾಳಿ ಚೆನ್ನಾಗಿದೆಯಾ? ಕೆಳಗೆ ಎಲ್ರೂ ಬಿಸಿಲಲ್ಲಿ ಬೇಯ್ತಾ ಇದ್ದಾರೆ."

"ಪೆಟ್ಟಿಗೆ ಜೋಡಿಸಿದ್ದು ಯಾರು?"

"ನಮ್ಮೋರೇ. ಯಾಕೆ, ನಿನಗೆ ಹೂವಿನ ಹಾಸಿಗೆ ಬೇಕಿತ್ತಾ?"

ಸೆಂಗ್ ನಗಲಿಲ್ಲ. "ಪಾಕ್‌ಹೋ ಬಿದ್ದ ದಿನ ಜೋಡಿಸಿದ್ದು ನಾನು" ಅಂದ.

ಪಾಕ್‌ಹೋ ಅವರಿಬ್ಬರ ಸಹಪಾಠಿ. ಮೂರು ವರ್ಷದ ಹಿಂದೆ ಉಗ್ರಾಣದ ಛಾವಣಿಯಿಂದ ಹಾರಿದವನು ಬೆನ್ನು ಮುರಿದುಕೊಂಡು ಹಾಸಿಗೆ ಹಿಡಿದಿದ್ದ. ಅವನೇ ಅಂದಾಜು ತಪ್ಪಿ ಬಿದ್ದ ಎಂದು ಎಲ್ಲರೂ ತಿಳಿದಿದ್ದರು.

"ಒಂದರ ಮೇಲೊಂದು ಮೂರು ಸಾಲು ಇಡಬೇಕಿತ್ತು. ಹಿಂದಿನ ದಿನ ಕುಡಿದಿದ್ದು ಇಳಿದಿರಲಿಲ್ಲ, ತಲೆ ಸಿಡೀತಾ ಇತ್ತು. ಎರಡೇ ಸಾಲು ಇಟ್ಟೆ. ಮೇಲೆ ಹಾಸು ಹೊದಿಸಿದ್ದೆ, ಯಾರಿಗೂ ಗೊತ್ತಾಗಲಿಲ್ಲ."

ಟಿಂಗ್‌ಫು ಕಂಬಿಯಾಚೆ ಬಾಗಿ ಕೆಳಗಿನ ರಾಶಿಯನ್ನು ನೋಡಿದ. ಆಮೇಲೆ ಸೆಂಗ್‌ನ ತಲೆಯಿಂದ ವಿಗ್ಗು ಬಿಚ್ಚಿಕೊಂಡು, "ಮೆಟ್ಟಿಲಿಳಿದು ಬಾ" ಎಂದಷ್ಟೇ ಹೇಳಿ ಹೋದ.

ಮೆಟ್ಟಿಲಿಳಿದು ಬಂದವನನ್ನು ಕಂಡು ಒಬ್ಬಿಬ್ಬರು ಮುಸಿಮುಸಿ ನಕ್ಕರು. ಸೌಯಿಂಗ್ ಎಂಬ ಸಾಹಸ ಕಲಾವಿದೆ ಆ ವಿಗ್ಗನ್ನು ತಾನು ತೊಟ್ಟುಕೊಂಡಳು. ಸೆಂಗ್ ಯಾರನ್ನೂ ಕೇಳದೆ ಪೆಟ್ಟಿಗೆಗಳ ರಾಶಿಯನ್ನು ಕೆಡವತೊಡಗಿದ. ತೇವ ಹಿಡಿದವನ್ನು ಬಿಸಾಡಿದ. ಉಳಿದವನ್ನು ಒಂದೊಂದಾಗಿ ಒತ್ತಿ ನೋಡಿ ನಾಲ್ಕು ಸಾಲು ಏರಿಸಿದ, ಸುತ್ತ ಹಗ್ಗ ಬಿಗಿದ. ಒಂದು ಗಂಟೆ ಹಿಡಿಯಿತು. ನಿರ್ಮಾಪಕರ ಕಡೆಯವನು ಕೂಗಾಡಿದ. ಟಿಂಗ್‌ಫು ಅವನಿಗೆ ಸಿಗರೇಟು ಕೊಟ್ಟು ಸುಮ್ಮನಾಗಿಸಿದ.

"ಅಣ್ಣ, ಮುಗೀತಾ? ನಿಮ್ಮ ಕಾಲದಲ್ಲಿ ಮನೆ ಕಟ್ಟೋಕೂ ಇಷ್ಟು ಹೊತ್ತು ಹಿಡೀತಿರಲಿಲ್ಲ" ಎಂದಳು ಸೌಯಿಂಗ್.

"ತಡಿ, ಮೊದಲು ನಾನು ಬಿದ್ದು ನೋಡ್ತೀನಿ."

ಮೊದಲನೇ ಮಹಡಿಗೆ ಹೋಗಿ ಹಾರಿದ. ರಾಶಿ ಅವನನ್ನು ಮೆತ್ತಗೆ ನುಂಗಿಕೊಂಡಿತು. ಎದ್ದು, ನಜ್ಜಾದ ಪೆಟ್ಟಿಗೆಗಳನ್ನು ಬದಲಿಸಿ, ತಲೆಯಾಡಿಸಿದ. ಸೌಯಿಂಗ್ ಮೂರನೆಯದರಿಂದ ಹಾರಿ, ಧೂಳು ಕೊಡವಿಕೊಂಡು ಎದ್ದುಬಂದಳು. ಸೆಂಗ್ ಅಲ್ಲೇ ಗೋಡೆಗೊರಗಿ ಕುಳಿತುಬಿಟ್ಟ.

ಮರುದಿನ ಕಿತ್ತಳೆ ಹಣ್ಣು ಹಿಡಿದುಕೊಂಡು ಪಾಕ್‌ಹೋನ ಮನೆಗೆ ಹೋದ. ತಿಂಗಳಿಗೊಮ್ಮೆ ಹೀಗೆ ಹೋಗಿ, ಹಣ್ಣು ಕೊಟ್ಟು, ಕುದುರೆ ಪಂದ್ಯದ ಮಾತಾಡಿ ಬರುತ್ತಿದ್ದ. ಈ ಸಲ ಹಣ್ಣನ್ನು ಪಾಕ್‌ಹೋನ ಮಂಚದ ಮೇಲಿಟ್ಟು, ಕೂರದೆ ನಿಂತೇ ಎಲ್ಲ ಹೇಳಿದ.

"ಗೊತ್ತು" ಎಂದ ಪಾಕ್‌ಹೋ. "ಅವತ್ತು ನಿನ್ನ ಬಾಯಿ ನಾರ್ತಿತ್ತು. ಮೇಲಿಂದ ನೋಡಿದಾಗ ರಾಶಿ ಗಿಡ್ಡ ಅನ್ನಿಸ್ತು."

"ಮತ್ಯಾಕೆ ಹಾರಿದೆ?"

"ಎಲ್ಲರೂ ನೋಡ್ತಿದ್ರಲ್ಲ. ಭಯ ಆಗ್ತಿದೆ ಅನ್ನೋಕೆ ಬಾಯಿ ಬರಲಿಲ್ಲ."

ಸೆಂಗ್ ಬಿಕ್ಕಿ ಬಿಕ್ಕಿ ಅತ್ತ. ಒಂದು ಕಿತ್ತಳೆ ರಪ್ಪನೆ ಬಂದು ಅವನ ಕಿವಿಗೆ ಬಡಿಯಿತು.

"ಮೂರು ವರ್ಷ ಹಣ್ಣು ತಂದೆ, ಈ ಮಾತು ತರಲಿಲ್ಲ. ನೀನು ಬಾಯಿ ಬಿಟ್ಟಿದ್ರೆ ಹೊಟ್ಟೆತುಂಬ ಬೈದಾದ್ರೂ ಹಗುರಾಗ್ತಿದ್ದೆ. ಅದಕ್ಕೂ ಕಲ್ಲು ಹಾಕ್ದೆ."

ಆಮೇಲೆ ಅವನು ಬೈದ. ಬಾಟಲಿಯಿಂದ ಶುರುಮಾಡಿ ಸೆಂಗ್‌ನ ಅಜ್ಜನವರೆಗೂ ಒಬ್ಬರನ್ನೂ ಬಿಡದೆ, ದಣಿಯುವ ತನಕ ಬೈದ. ಕ್ಷಮಿಸಿದೆ ಎಂದು ಮಾತ್ರ ಹೇಳಲಿಲ್ಲ.

"ಹಸಿವಾಗ್ತಿದೆ" ಅಂದ ಕೊನೆಗೆ. "ಕೆಳಗಿನ ಚಹಾ ಮನೆ ನೋಡಿ ಮೂರು ವರ್ಷ ಆಯ್ತು. ಈ ಕಟ್ಟಡಕ್ಕೆ ಲಿಫ್ಟಿಲ್ಲ. ಎತ್ಕೋ."

ಸೆಂಗ್ ಅವನನ್ನು ಬೆನ್ನಿಗೇರಿಸಿಕೊಂಡು ನಾಲ್ಕು ಮಹಡಿಯ ಮೆಟ್ಟಿಲುಗಳನ್ನು ಒಂದೊಂದಾಗಿ ಇಳಿದ. ಎರಡನೇ ಮಹಡಿಯ ಮುದುಕಿ ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟಳು. "ಹುಷಾರು. ಈ ಸಲ ಬೀಳಿಸಿದ್ರೆ ಕ್ಯಾಮೆರಾನೂ ಇಲ್ಲ" ಎಂದ ಬೆನ್ನ ಮೇಲಿದ್ದವನು.

ಸೆಂಗ್ ಆಮೇಲೆ ಕ್ಯಾಮೆರಾ ಮುಂದೆ ಹಾರಲಿಲ್ಲ. ಟಿಂಗ್‌ಫು ಅವನಿಗೆ ಪೆಟ್ಟಿಗೆ ಜೋಡಿಸುವ ಕೆಲಸ ಒಪ್ಪಿಸಿದ. ಚಿತ್ರೀಕರಣ ಇಲ್ಲದ ದಿನಗಳಲ್ಲಿ, ಹತ್ತು ಗಂಟೆಯ ಹೊತ್ತಿಗೆ, ಆ ಚಹಾ ಮನೆಯ ಕಿಟಕಿ ಪಕ್ಕದ ಮೇಜಿನ ಮುಂದೆ ಸೆಂಗ್, ಪಾಕ್‌ಹೋ ಇಬ್ಬರೂ ಸಿಗಡಿ ಕಡುಬು ತಿನ್ನುತ್ತ ಕುದುರೆಗಳ ಬಗ್ಗೆ ಜಗಳವಾಡುತ್ತಿರುತ್ತಾರೆ.