ಜಲ್ಲಿಯ ಮೇಲಿನ ಸ್ಟ್ರಾಬೆರಿ

"ನಂಗ್ಯಾರೂ ಹೇಳ್ಕೊಟ್ಟಿಲ್ರಿ. ನನ್ನ ತಲೆಗೇ ಹೊಳೀತು," ಎನ್ನುತ್ತಿದ್ದಳು ಮಾಸೂಮಾ.

ಹರಿಹರದ ಫಲಪುಷ್ಪ ಪ್ರದರ್ಶನದ ಪೆಂಡಾಲಿನಲ್ಲಿ, ಜನರ ಹಿಂದೆ ನಿಂತಿದ್ದ ರಶೀದಾ ಆ ಮಾತು ಕೇಳಿಸಿಕೊಂಡಳು. ಮಾತಾಡುತ್ತಿದ್ದವಳು ಪರರಲ್ಲ, ಒಡಹುಟ್ಟಿದ ತಂಗಿ. ಎಂಬತ್ತಮೂರನೇ ಇಸವಿಯ ಈ ಪ್ರದರ್ಶನ ಮುಂದಕ್ಕೆ ಹೋಗಿದೆ, ಹೊಸ ದಿನ ಗೊತ್ತಾದ ಕೂಡಲೇ ಹೇಳಿ ಕಳಿಸುತ್ತೇನೆ ಎಂದಿದ್ದವಳೂ ಅವಳೇ. ನಿನ್ನೆ ಪಕ್ಕದ ಮನೆಯ ಅಂಜಿನವ್ವ ಹರಿಹರಕ್ಕೆ ಹೋಗಿ ಬಂದು, "ನಿನ್ನ ತಂಗಿ ಹಣ್ಣು ನೋಡಾಕೆ ಭಾಳ ಜನ ಸೇರ್ಯಾರೆ, ನೀನ್ಯಾಕ ಹೋಗಿಲ್ಲ?" ಎಂದಾಗಲೂ ರಶೀದಾ ನಂಬಿರಲಿಲ್ಲ. ಬೆಳಗಿನ ಬಸ್ಸು ಹತ್ತಿದ್ದೂ ಅಂಜಿನವ್ವನ ಬಾಯಿ ಮುಚ್ಚಿಸೋಣವೆಂದೇ.

ರಶೀದಾಳ ಗಂಡ, ಲಾರಿ ಓಡಿಸುವ ಖಾಜಾ ಹುಸೇನ್, ಮಹಾಬಳೇಶ್ವರದ ಕಡೆಯಿಂದ ಸ್ಟ್ರಾಬೆರಿ ಸಸಿಗಳನ್ನು ತಂದಿದ್ದ. ದಾವಣಗೆರೆಯ ಅವಳ ಹಿತ್ತಲಿನ ಮಣ್ಣಿಗೆ ಅವು ಒಂದೊಂದಾಗಿ ಸತ್ತವು. ಸಾಕಿದ ಮೀನಿನ ಟಬ್ಬಿನ ನೀರು ಚೆಲ್ಲುತ್ತಿದ್ದ ಜಾಗದಲ್ಲಿ, ಜಲ್ಲಿಯ ಮೇಲೆ ಬಿಸಾಡಿದ್ದ ಒಂದು ಮಾತ್ರ ಚಿಗುರಿತು. ರಶೀದಾ ಕುಣಿದಾಡುವುದೊಂದು ಬಾಕಿ. ಟಬ್ಬಿನ ಮೇಲೆಯೇ ತೂತು ಕೊರೆದ ತಗಡಿನ ತಟ್ಟೆಯಿಟ್ಟು, ಸಣ್ಣ ಜಲ್ಲಿ ತುಂಬಿ, ಸಸಿ ನೆಟ್ಟಳು. ತಂಬಿಗೆಯಲ್ಲಿ ಮೀನಿನ ನೀರು ಎತ್ತಿ ಹುಯ್ದರೆ ಸಸಿಗೆ ಗೊಬ್ಬರ. ಅದೇ ನೀರು ಜಲ್ಲಿಯಲ್ಲಿ ಸೋಸಿ ಕೆಳಗಿಳಿದರೆ ಮೀನಿಗೆ ಒಳ್ಳೆಯದು. ಮೊದಲ ಹಣ್ಣು ಕೆಂಪಾದಾಗ ಅವಳು ಕರೆದದ್ದು ಹರಿಹರದಲ್ಲಿದ್ದ ಮಾಸೂಮಾಳನ್ನೇ. ಬೆಳೆಸುವ ಬಗೆ ಹೇಳಿಕೊಟ್ಟಳು, ನೆಡಲು ಕುಡಿಬಳ್ಳಿ ಕೊಟ್ಟಳು, ತನ್ನ ಮೀನುಗಳಲ್ಲಿ ಅರ್ಧದಷ್ಟು ಕೊಟ್ಟಳು. ಇಬ್ಬರ ಹೆಸರಲ್ಲೇ ಪ್ರದರ್ಶನಕ್ಕಿಡೋಣ ಆಪಾ ಎಂದು ತಂಗಿ ಕೈಹಿಡಿದು ಹೇಳಿದ್ದಳು. ಹೊರಗಿನ ನಾಲ್ಕು ಜನರ ಬಾಯಲ್ಲಿ ತನ್ನ ಹೆಸರು ಬಂದರೆ ಹೇಗಿರುತ್ತದೆಂದು ರಶೀದಾ ಒಲೆಯ ಮುಂದೆ ಕೂತು ಎಷ್ಟೋ ಸಲ ನೆನೆಸಿಕೊಂಡಿದ್ದಳು. ಈಗ ಟಬ್ಬಿನ ಮುಂದೆ ನಿಲ್ಲಿಸಿದ್ದ ರಟ್ಟಿನ ಮೇಲೆ ಇದ್ದದ್ದು ಮಾಸೂಮಾಳದೊಂದೇ ಹೆಸರು.

ಎಲ್ಲರೆದುರು ಕೇಳಿಯೇ ಬಿಡಬೇಕೆಂದು ಜನರನ್ನು ಸರಿಸಿ ಮುಂದೆ ಹೋದಳು. ಟಬ್ಬಿನ ನೀರು ತಳ ಕಾಣುವಷ್ಟು ತಿಳಿಯಾಗಿತ್ತು. ಮೀನುಗಳು ಮಾತ್ರ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು.

"ನೀರಿಗೆ ಏನು ಹಾಕೀದಿ?"

ಮಾಸೂಮಾ ಬಿಳಚಿಕೊಂಡಳು. "ಪಟಿಕ, ಆಪಾ. ನೀರು ರಾಡಿ ಇತ್ತು. ನೋಡೋರಿಗೆ ತಿಳಿ ಕಾಣ್ಲಿ ಅಂತ..."

ಹೊಳೆಯ ನೀರಿಗೆ ಪಟಿಕ ತಿರುವಿ ಕುಡಿಯುವುದು ಹರಿಹರದ ಮನೆಗಳ ರೂಢಿ. ಮನುಷ್ಯರಿಗೆ ಆದದ್ದು ಮೀನಿಗೂ ಆಗುತ್ತದೆಂದು ಅವಳು ಧಾರಾಳವಾಗಿ ಹಾಕಿದ್ದಳು.

ರಶೀದಾ ಸುಮ್ಮನೆ ಹೊರಟುಬಿಟ್ಟಿದ್ದರೆ ಸಾಕಿತ್ತು, ಸಂಜೆ ತೀರ್ಪುಗಾರರು ಬರುವಷ್ಟರಲ್ಲಿ ಎಲ್ಲ ಮೀನೂ ಸತ್ತು ತೇಲಿ, ತಂಗಿಗೆ ಬಹುಮಾನ ತಪ್ಪುತ್ತಿತ್ತು. ಅವಳಿಗೆ ಅದು ತೋಚದೆ ಇರಲಿಲ್ಲ. ಆದರೆ ಬಾಲ ಹರಿದ ಮೀನೊಂದು ಅವಳ ಕಡೆಗೇ ಬಂತು. ಬೆರಳುದ್ದ ಇದ್ದಾಗಿನಿಂದ ಅವಳೇ ಸಾಕಿದ್ದು. ಬುರ್ಖಾದ ತೋಳು ಮೇಲೆ ಸರಿಸಿ, ಅರ್ಧ ನೀರು ಚೆಲ್ಲಿ, ಗಿಡಗಳಿಗೆಂದು ಇಟ್ಟಿದ್ದ ಪೀಪಾಯಿಯಿಂದ ಬಾವಿ ನೀರು ತುಂಬಿ, ನೀರಿಗೆ ಗಾಳಿ ಸೇರಲೆಂದು ತಂಬಿಗೆಯೆತ್ತಿ ಮೇಲಿನಿಂದ ಹುಯ್ಯತೊಡಗಿದಳು.

"ಇವರ್ಯಾರ್ರಿ?" ಎಂದು ಗುಂಪಿನಲ್ಲಿ ಯಾರೋ ಕೇಳಿದರು.

ರಶೀದಾ ಹುಯ್ಯುವುದನ್ನು ನಿಲ್ಲಿಸಿದಳು. ತಂಗಿ ಈಗಲಾದರೂ ನಿಜ ಹೇಳಿಯಾಳು.

"ನಮ್ಮಕ್ಕರಿ," ಎಂದಳು ಮಾಸೂಮಾ. "ದಾವಣಗೆರೆಯಿಂದ ಬಂದಾರೆ. ನೀರು ಹಾಕಾಕೆ ನನ್ಜೊತೆ ಇರ್ತಾರೆ."

ಜನ ಮತ್ತೆ ಹಣ್ಣಿನ ಕಡೆ ತಿರುಗಿದರು. ರಶೀದಾ ತಂಬಿಗೆಯನ್ನು ಮುಳುಗಿಸಿ ಎತ್ತಿದಳು. ನೀರು ಜಲ್ಲಿಯೊಳಗಿಂದ ಹನಿಹನಿಯಾಗಿ ಇಳಿಯಿತು. ಬಾಲ ಹರಿದ ಮೀನು ಬಾಯಿ ಮುಚ್ಚಿ, ನಿಧಾನವಾಗಿ ಈಜುತ್ತ ತಳಕ್ಕೆ ಹೋಯಿತು.