ಟೈರಿನ ಒಳಮಗ್ಗುಲು

ಭೋಜರಾಜರಿಗೆ ತಮ್ಮ ಕಾರಿನ ನಡತೆ ಅರ್ಥವಾಗದೆ ಮೂರು ತಿಂಗಳಾಗಿತ್ತು. ಪೆರಂಬೂರಿನ ರೈಲ್ವೆ ವರ್ಕ್‌ಶಾಪಿನಲ್ಲಿ ಇಪ್ಪತ್ತಾರು ವರ್ಷದಿಂದ ರೈಲಿನ ಚಕ್ರಗಳನ್ನು ಪರೀಕ್ಷೆ ಮಾಡುತ್ತಿದ್ದ ಮನುಷ್ಯ ಅವರು. ಆದರೆ ಮನೆ ಮುಂದಿನ ಈ ಸಣ್ಣ ಕಾರು, ಸ್ಟೀರಿಂಗನ್ನು ನೆಟ್ಟಗೆ ಹಿಡಿದರೂ ಎಡಕ್ಕೇ ಎಳೆಯುತ್ತಿತ್ತು. ಗಾಳಿ ಹೊಡೆಸಿದರು. ಎಡದ ಚಕ್ರವನ್ನು ಬಲಕ್ಕೆ ಹಾಕಿಸಿದರು. ಕೊನೆಗೆ ರಸ್ತೆಯನ್ನೇ ಬೈದರು. ಎಳೆತ ಮಾತ್ರ ಹೋಗಲಿಲ್ಲ.

ಮೂರು ತಿಂಗಳ ಹಿಂದೆ ಆಗಿದ್ದು ಒಂದೇ. ವಡಪಳನಿಯ ಸ್ಟುಡಿಯೊದಲ್ಲಿ ಉಡುಪಿನ ವಿಭಾಗದಲ್ಲಿರುವ ಮಗಳು ಶ್ರೀಯಾ, ಜೊತೆಯವರ ಕಾರುಗಳನ್ನು ನೋಡಿ ಇದನ್ನೂ ಎರಡು ಇಂಚು ನೆಲದತ್ತ ಇಳಿಸಿದ್ದಳು. ಹಳೆಯ ಸ್ಪ್ರಿಂಗ್ ತೆಗೆಸಿ ಗಿಡ್ಡ ಸ್ಪ್ರಿಂಗ್ ಹಾಕಿಸಿದ್ದಳು, ಅಷ್ಟೇ.

"ಅದಕ್ಕೂ ಇದಕ್ಕೂ ಏನಮ್ಮಾ ಸಂಬಂಧ?" ಎಂದು ಭೋಜರಾಜರೇ ಮಗಳಿಗೆ ಹೇಳಿದ್ದರು.

ಶನಿವಾರ ಬೆಳಿಗ್ಗೆ ಬಂಗಾರಪೇಟೆಗೆ ಹೊರಡಬೇಕಿತ್ತು. ಭಾನುವಾರ ಅಲ್ಲಿ ಅತ್ತೆ ಅಂಬುಜಮ್ಮನವರ ಮೊಮ್ಮಗನ ಮದುವೆ. ಎಂಬತ್ತೊಂದರ ಅಂಬುಜಮ್ಮ ಸೀರೆ ಉಟ್ಟು, ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ಕುಳಿತಿದ್ದರು. ಅವರ ಮಗಳು, ಭೋಜರಾಜರ ಹೆಂಡತಿ ವಾಸಂತಿ, ಚಕ್ರಕ್ಕೊಂದರಂತೆ ನಾಲ್ಕು ನಿಂಬೆಹಣ್ಣು ಇಡಲು ಬಂದರು. ಒಂದು ಹಣ್ಣು ಉರುಳಿ ಮುಂದಿನ ಟೈರಿನ ಹಿಂದೆ ಸೇರಿತು. ಕೈ ಹಾಕಿದರು, ಥಟ್ಟನೆ ಎಳೆದುಕೊಂಡರು.

"ರೀ, ಏನೋ ಚುಚ್ಚಿತು."

"ರಬ್ಬರ್ ಎಲ್ಲಾದ್ರೂ ಚುಚ್ಚುತ್ತಾ? ನೋಡು, ಟೈರಿನ ಪಟ್ಟೆ ಎಷ್ಟು ಆಳ ಇದೆ. ಹೊಸದರ ಹಾಗಿದೆ."

ವಾಸಂತಿ ಬೆರಳು ತೋರಿಸಿದರು. ರಕ್ತ ಜಿನುಗುತ್ತಿತ್ತು.

ಭೋಜರಾಜರು ಚಾಪೆ ಹಾಸಿ ಮಲಗಿ, ಮೊಬೈಲ್ ಬೆಳಕು ಬಿಟ್ಟು ಒಳಗೆ ನೋಡಿದರು. ಟೈರಿನ ಒಳ ಅಂಚು ಬೋಳಾಗಿತ್ತು. ಅಲ್ಲಲ್ಲಿ ತಂತಿ ಎದ್ದಿತ್ತು. ಒಂದೇ ಟೈರು, ಹೊರಗೆ ಹೊಸದು, ಒಳಗೆ ಹರಕು.

ಮಾಧವರಂ ಬಸ್‌ಸ್ಟ್ಯಾಂಡ್ ಹತ್ತಿರ ಚಕ್ರಗಳ ಓರೆ ಸರಿಮಾಡುವ ವೀಲ್ ಅಲೈನ್‌ಮೆಂಟ್ ಅಂಗಡಿ ಇಟ್ಟಿರುವ ಮಂಡ್ಯದ ನಂಜುಂಡನಿಗೆ ಫೋನು ಹೋಯಿತು. ಸ್ಕೂಟರಿನಲ್ಲಿ ಬಂದವನು ಬಗ್ಗಿ ನೋಡಿ ಎದ್ದ.

"ಯಾವತ್ತು ಇಳಿಸುದ್ರಿ ಗಾಡಿನ?"

"ನಲ್ಲಾ ತಾನೇ ಇರುಕ್ಕು ಅಂಕಲ್," ಎಂದಳು ಶ್ರೀಯಾ ತಮಿಳಿನಲ್ಲಿ. ಚೆನ್ನಾಗೇ ಇದೆಯಲ್ಲ ಎನ್ನುವುದು ಅವಳ ವಾದ.

"ನೋಡಕ್ಕೆ ಚೆಂದಾಗದೆ ಕಣವ್ವ. ಆದ್ರೆ ಗಾಡಿ ಇಳಿದ್ರೆ ಚಕ್ರದ ತಲೆ ಒಳಕ್ಕೆ ವಾಲ್ತದೆ. ಸ್ಟೀರಿಂಗ್ ರಾಡಿನ ಓರೆನೂ ಬದಲಾಗಿ ಚಕ್ರದ ಮೂಗು ಪಕ್ಕಕ್ಕೆ ತಿರುಗ್ತದೆ. ಆಮ್ಯಾಕೆ ಚಕ್ರ ನೆಟ್ಟಗೆ ಉರುಳಾಕಿಲ್ಲ, ನೆಲ ಉಜ್ಕಂಡು ಹೋಯ್ತದೆ. ಎರಡು ಕಡೆ ಒಂದೇ ಸಮ ವಾಲಿಲ್ಲ ಅಂದ್ರೆ ಒಂದು ಕಡೀಕೆ ಎಳೀತದೆ."

"ಇರುಪ್ಪಾ. ತಲೆ ಒಳಗೆ, ಮೂಗು ಪಕ್ಕಕ್ಕೆ. ನನ್ನ ತಲೆ ತಿರುಗ್ತಿದೆ," ಎಂದರು ಭೋಜರಾಜರು.

ಅಂಬುಜಮ್ಮ ತಮ್ಮ ಎಡಗಾಲಿನ ಚಪ್ಪಲಿ ಬಿಚ್ಚಿ ಮಗುಚಿ ಹಿಡಿದರು. ಒಳಬದಿಯಷ್ಟೇ ಸವೆದಿತ್ತು. "ನನ್ನ ಸೊಟ್ಟಕಾಲಿನ ಕಥೆಯೇ ತಾನೆ?"

"ಅದೇ ಅಜ್ಜಿ," ಎಂದ ನಂಜುಂಡ. "ಅಣ್ಣ, ನೀವು ರೈಲಿನ ಚಕ್ರ ಎಲ್ಲಿ ಅಳೀತೀರಿ?"

"ಒಳ ಅಂಚಲ್ಲಿ. ಹಳಿಗೆ ಉಜ್ಜೋದು ಅದೇ ಅಲ್ವಾ." ಹೇಳಿದ ಮೇಲೆ ಭೋಜರಾಜರು ತಮ್ಮ ಮಾತನ್ನೇ ಕೇಳಿಸಿಕೊಂಡವರಂತೆ ನಿಂತರು. ಕೈಗಡಿಯಾರ ನೋಡಿ, "ಸರಿ, ಎರಡು ಹೊಸ ಟೈರು ಹಾಕ್ಬಿಡು, ಹೊರಡ್ತೀವಿ," ಎಂದರು.

"ಹೊಸದನ್ನೂ ಹಿಂಗೇ ತಿಂದಾಕ್ತದೆ. ಮೊದ್ಲು ಹಳೇ ಸ್ಪ್ರಿಂಗ್ ಹಾಕ್ಸಿ, ಅಲೈನ್‌ಮೆಂಟ್ ಮಾಡ್ಸಿ. ಇಳಿದೇ ಇರ್ಬೇಕು ಅಂತ ಮಗಳ ಹಟ ಇದ್ರೆ, ಆ ಗಾಡಿಗೆ ಒಪ್ಪೋ ಸ್ಪ್ರಿಂಗ್ ಇರ್ಬೇಕು, ವಾಲಿಕೆ ಸರಿಮಾಡೋ ಬೋಲ್ಟೂ ಬೇಕಾಗ್ಬೋದು. ಸ್ಪ್ರಿಂಗ್ ಕುಂತ್ಕಂಡ ಮ್ಯಾಲೆ ಇನ್ನೊಂದ್ಸಲ ಅಳೆಸ್ಬೇಕು. ಇವತ್ತು ಮಾತ್ರ ಬ್ಯಾಡಿ. ಹೈವೇ ಬಿಸೀಲಿ ಈ ಟೈರು ಸಿಡೀತದೆ."

"ಹಾಕಿದವರು ಅಲೈನ್‌ಮೆಂಟ್ ಮಾತೇ ಎತ್ತಲಿಲ್ಲ. ತಾನಾಗೇ ಸೆಟ್ ಆಗುತ್ತೆ ಅಂದ್ರು," ಎಂದಳು ಶ್ರೀಯಾ, ಈ ಸಲ ಕನ್ನಡದಲ್ಲಿ. ಅಜ್ಜಿಯ ಮುಖ ನೋಡಿದಳು. ಒಳಗೆ ಹೋಗಿ ಅಟ್ಟದಿಂದ ಹಳೆಯ ಸ್ಪ್ರಿಂಗುಗಳನ್ನು ತಂದು ನಂಜುಂಡನ ಮುಂದಿಟ್ಟಳು.

"ಮದುವೆ ಏನ್ ಮಾಡೋದತ್ತೆ?" ಎಂದರು ಭೋಜರಾಜರು.

"ರೈಲಿದೆಯಲ್ಲ ಅಳಿಯಂದಿರೆ. ಅದರ ಚಕ್ರವನ್ನಾದರೂ ನೀವು ಒಳಗಡೆಯಿಂದ ನೋಡಿರ್ತೀರಿ."

ಎಲ್ಲರೂ ನಕ್ಕರು. ಭೋಜರಾಜರು ನಗುತ್ತಲೇ ಚೀಲ ಎತ್ತಿಕೊಂಡರು. ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಬೀದಿ ಬದಿ ನಿಂತ ಕಾರುಗಳ ಪಕ್ಕ ಒಂದೆರಡು ಸಲ ಬಗ್ಗಿಯೂ ನೋಡಿದರು.

ಓದುವವರೇ, ಕಾರನ್ನು ಇಳಿಸುವ ಆಸೆ ತಪ್ಪಲ್ಲ. ಆದರೆ ಇಳಿಸಿದ ಕೂಡಲೇ ಅಲೈನ್‌ಮೆಂಟ್ ಮಾಡಿಸಿ, ಕೆಲವು ವಾರ ಓಡಿಸಿದ ಮೇಲೆ ಮತ್ತೆ ನೋಡಿಸಿ. ಗಾಡಿ ಒಂದು ಪಕ್ಕಕ್ಕೆ ಎಳೆದರೆ ರಸ್ತೆಯನ್ನು ಬೈಯಬೇಡಿ. ಇವತ್ತೇ ಗಾಡಿ ನಿಲ್ಲಿಸಿ, ಸ್ಟೀರಿಂಗ್ ಪೂರ್ತಿ ತಿರುಗಿಸಿ, ಟೈರಿನ ಒಳಮಗ್ಗುಲು ನೋಡಿ. ಕಣ್ಣಿನಿಂದ ನೋಡಿ, ಬೆರಳು ಹಾಕಬೇಡಿ. ಮದುವೆ ಮನೆಯಲ್ಲಿ ವಾಸಂತಿಯವರು ಎಡಗೈಯಲ್ಲಿ ಅಕ್ಷತೆ ಹಾಕುವಂತಿಲ್ಲವೆಂದು ಬ್ಯಾಂಡೇಜು ಸುತ್ತಿದ ಬಲಗೈಯನ್ನೇ ಎತ್ತಿ, ಅದರ ಕಥೆಯನ್ನು ಎಲ್ಲರಿಗೂ ಹೇಳಬೇಕಾಯಿತು.